ಬೈಕಿನ ಕಂಪ್ರೆಷನ್ ಗೇಜ್: ಕೆಲವು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಳೆದೆ ಅಂತ ಕೆಳಗೆ ಹೇಳುತ್ತೇನೆ.

ಸಿಲಿಂಡರ್ ಒಳಗೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದೇ ತೂತಿಗೆ ತಿರುಗಿಸಿ ಕೂರಿಸುವ ಮಾಮೂಲಿ ಗೇಜ್ ಇದು. ಡಯಲ್, ಹೋಸ್, ಜೊತೆಗೆ 10, 12, 14 ಎಂಎಂ ಅಡಾಪ್ಟರ್‌ಗಳು. ರಬ್ಬರ್ ತುದಿಯನ್ನು ಕೈಯಲ್ಲೇ ಒತ್ತಿ ಹಿಡಿಯುವ ಬಗೆಯೂ ಸಿಗುತ್ತದೆ, ಅದು ಬೇಡ. ಒಂದು ಕೈ ಗೇಜ್ ಮೇಲೆ, ಇನ್ನೊಂದು ಪೂರ್ತಿ ತಿರುಗಿಸಿದ ಥ್ರಾಟಲ್ ಮೇಲೆ, ಕಾಲಲ್ಲಿ ಕಿಕ್. ಒಬ್ಬರೇ ಮಾಡಿದರೆ ಸರ್ಕಸ್ಸೇ, ಗಾಳಿ ಸೋರದೆ ಇರುವುದಿಲ್ಲ.

ನನ್ನ ಗಾಡಿ ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಹೊಡೆದು ಹೊಡೆದು ಸಾಕಾಗುತ್ತಿತ್ತು, ಪಿಕಪ್ಪೂ ಇರಲಿಲ್ಲ. ನೋಡಿದವರಲ್ಲಿ ಕೆಲವರು ಕಾರ್ಬ್ಯುರೇಟರ್ ಕ್ಲೀನ್ ಮಾಡಿಸು ಅಂದರು, ಇನ್ನು ಕೆಲವರು ನೇರವಾಗಿ ಬೋರ್ ಕಿಟ್ಟೇ (ಸಿಲಿಂಡರ್, ಪಿಸ್ಟನ್, ರಿಂಗ್ ಸೆಟ್) ಬದಲಿಸು ಅಂದರು. ಗೇಜ್ ಹಾಕಿದರೆ ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು. ಆಮೇಲೆ ಪ್ಲಗ್ ತೂತಿನಿಂದ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಆ ಆಯಿಲ್ ಪಿಸ್ಟನ್ನಿನ ರಿಂಗ್ ಸುತ್ತ ಸಂದು ಮುಚ್ಚುತ್ತದೆ, ಹಾಗಾಗಿ ರೀಡಿಂಗ್ ಚೆನ್ನಾಗಿ ಏರಿದರೆ ಸವೆದಿರುವುದು ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ). ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ನನ್ನದು ಕದಲಲಿಲ್ಲ. (ಚಿಕ್ಕ ಇಂಜಿನ್‌ಗೆ ಕಾಲು ಚಮಚ ಸಾಕು. ಜಾಸ್ತಿ ಹಾಕಿದರೆ ಆಯಿಲೇ ಜಾಗ ತುಂಬಿಕೊಂಡು ರೀಡಿಂಗ್ ಸುಳ್ಳುಸುಳ್ಳೇ ಏರುತ್ತದೆ.)

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಗೆ ಬಂದಾಗ ನಿಲ್ಲಿಸಿ ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು ನೋಡಿದೆ. ಎಕ್ಸಾಸ್ಟ್ ಕಡೆ, ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳು ಎಲೆಯೂ ತೂರಲಿಲ್ಲ. ಬಿಸಿಗೆ ವಾಲ್ವ್ ಉದ್ದವಾಗುತ್ತದೆ, ಹಿಗ್ಗಲು ಜಾಗ ಇಲ್ಲದಿದ್ದರೆ ತಾನು ಮುಚ್ಚಿಕೊಳ್ಳುವ ಅಂಚಿನ (ವಾಲ್ವ್ ಸೀಟ್) ಮೇಲೆ ಸರಿಯಾಗಿ ಕೂರುವುದೇ ಇಲ್ಲ, ಗಾಳಿ ಸೋರುತ್ತದೆ. ಟ್ಯಾಪೆಟ್ ಸಡಿಲವಾದರೆ ಟಿಕ್ ಟಿಕ್ ಅಂತ ಎಲ್ಲರ ಕಿವಿಗೂ ಬೀಳುತ್ತದೆ. ಬಿಗಿಯಾದರೆ ಸದ್ದೇ ಇಲ್ಲ, ಇಂಜಿನ್ ಎಷ್ಟು ಸ್ಮೂತ್ ಅಲ್ವಾ ಅಂತ ಖುಷಿಪಡುತ್ತಾ ಓಡಿಸುತ್ತಿರುತ್ತೇವೆ. ಮ್ಯಾನುಯಲ್‌ನಲ್ಲಿರುವ ಗ್ಯಾಪ್ ಕೊಟ್ಟ ಮೇಲೆ ಮುಳ್ಳು ಏರಿತು, ಬಿಸಿಯಲ್ಲೂ ಗಾಡಿ ಸ್ಟಾರ್ಟ್ ಆಯಿತು, ಬೋರ್ ಕಿಟ್ ಖರ್ಚು ತಪ್ಪಿತು.

ಈಗ ಕಳೆದ ಸ್ಟಾರ್ ವಿಷಯ. ಇದು ತೋರಿಸುವ ಪಿಎಸ್‌ಐ ಅಂಕಿಯನ್ನು ಹಾಗೇ ನಂಬಬೇಡಿ. 9:1 ಕಂಪ್ರೆಷನ್ ಅನುಪಾತದ (ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲಿದ್ದಾಗಿನದರ ಎಷ್ಟು ಪಟ್ಟು ಅನ್ನುವ ಲೆಕ್ಕ) 100 ಸಿಸಿ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 12.5 ಸಿಸಿ ಮಾತ್ರ. ಹೋಸ್, ಅಡಾಪ್ಟರ್ ಸೇರಿ ಇನ್ನೊಂದು 5 ಸಿಸಿ ಕೂಡಿಕೊಂಡರೆ ಅದು 6.7:1 ಆಗಿಬಿಡುತ್ತದೆ, ಒಳ್ಳೆ ಇಂಜಿನ್ನೂ ಸೋತಂತೆ ಕಾಣುತ್ತದೆ. ಅದಕ್ಕೇ ಗಾಳಿ ಹಿಂದಕ್ಕೆ ಬಿಡದ ಚಿಕ್ಕ ವಾಲ್ವ್ ಕೋರ್ ಹೋಸಿನ ಪ್ಲಗ್ ಕಡೆಯ ತುದಿಯಲ್ಲೇ ಇರಬೇಕು. ಇದರಲ್ಲಿ ಅಲ್ಲೇ ಇದೆ, ಆದರೆ 10 ಎಂಎಂ ಅಡಾಪ್ಟರ್ ಉದ್ದ ಜಾಸ್ತಿ. ನಾನು ಗಾಡಿ ಚೆನ್ನಾಗಿದ್ದಾಗ ತೆಗೆದ ರೀಡಿಂಗ್ ಬರೆದಿಟ್ಟುಕೊಂಡು ಅದಕ್ಕೇ ಹೋಲಿಸುತ್ತೇನೆ. ಎಕ್ಸಾಸ್ಟ್ ವಾಲ್ವನ್ನು ಸ್ಟಾರ್ಟಿಂಗ್‌ನಲ್ಲಿ ಸ್ವಲ್ಪ ಎತ್ತುವ ಡಿಕಂಪ್ರೆಷನ್ ಇರುವ ಇಂಜಿನ್‌ಗಳಲ್ಲಿ ಅಂಕಿ ಮೊದಲೇ ಕಡಿಮೆ, ಗಾಬರಿ ಬೇಡ.

ಕೋರ್ ಒಂದು ಸಲ ಸೋರಲು ಶುರುವಾಯಿತು, ಮುಳ್ಳು ಏರಿದ ಕೂಡಲೇ ಇಳಿಯುತ್ತಿತ್ತು. ಎರವಲು ಒಯ್ದಿದ್ದ ಗೆಳೆಯ ಟಯರಿನ ಕೋರ್ ಹಾಕಿಕೊಟ್ಟ. ನೋಡಲು ಎರಡೂ ಒಂದೇ. ಆದರೆ ಟಯರಿನದ್ದರ ಸ್ಪ್ರಿಂಗ್ ಗಟ್ಟಿ, ಅಷ್ಟು ಒತ್ತಡ ಅದನ್ನು ತೆರೆಯುವುದಕ್ಕೇ ಹೋಗಿ ರೀಡಿಂಗ್ ಬಿದ್ದುಹೋಗುತ್ತದೆ. ಗೇಜಿಗೇ ಅಂತ ಬರುವ ಮೆತ್ತನೆ ಸ್ಪ್ರಿಂಗಿನ ಕೋರ್ ಬೇಕು, ಡಬ್ಬಿಯಲ್ಲಿ ಒಂದು ಸ್ಪೇರ್ ಕೊಟ್ಟಿದ್ದರೆ ಕಂಪನಿಯವರ ಗಂಟೇನು ಹೋಗುತ್ತಿತ್ತೋ. ಅಡಾಪ್ಟರಿನ ಓ-ರಿಂಗ್‌ಗಳೂ ಗಟ್ಟಿಯಾಗಿದ್ದವು, ಬದಲಿಸಿದೆ. ಡಯಲ್ ಮಾತ್ರ ಇನ್ನೂ ಸೊನ್ನೆಗೇ ಸರಿಯಾಗಿ ಬಂದು ನಿಲ್ಲುತ್ತದೆ.