ಹಳೇದು ಹಾಗೇ ಇರಲೋ, ದಿನಾ ಅಪ್‌ಡೇಟೋ: ನನ್ನ ಡಿಟಿಪಿ ಅಂಗಡಿಯ ಎರಡು ಕಂಪ್ಯೂಟರ್

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಹಳೇದರಲ್ಲಿ ವಿಂಡೋಸ್ 7, ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್, ಒಂದೇ ಸಲ ದುಡ್ಡು ಕೊಟ್ಟು ತಗೊಂಡ ಪುಟವಿನ್ಯಾಸದ ಸಾಫ್ಟ್‌ವೇರ್. ಅದರಲ್ಲಿ ವರ್ಷಗಳಿಂದ ಏನನ್ನೂ ಬದಲಿಸಿಲ್ಲ. ಹೊಸದರಲ್ಲಿ ಅದೇ ಬಗೆಯ ಸಾಫ್ಟ್‌ವೇರ್, ಆದರೆ ತಿಂಗಳ ಬಾಡಿಗೆಯದು. ಅಪ್‌ಡೇಟ್ ತಾನಾಗೇ ಆಗುತ್ತಿತ್ತು. ಎರಡರಲ್ಲೂ ಎರಡು ಮದುವೆ ಸೀಸನ್ ದುಡಿದಿದ್ದೇನೆ. ನನ್ನ ಓಟು ಹಳೇದಕ್ಕೇ. ಕಾರಣ ಒಂದು ಲಗ್ನಪತ್ರಿಕೆ.

ಅದನ್ನು ಹೊಸದರಲ್ಲಿ ಮಾಡಿದ್ದೆ. ರಾತ್ರಿ ಅಪ್‌ಡೇಟ್ ಆಗಿದೆ, ನನಗೆ ಗೊತ್ತಿಲ್ಲ. ಬೆಳಿಗ್ಗೆ ಫೈಲ್ ತೆರೆದು, ಒಂದು ಫೋನ್ ನಂಬರ್ ತಿದ್ದಿ, ಸೇವ್ ಮಾಡಿ ಪ್ರೆಸ್ಸಿಗೆ ಕಳಿಸಿದೆ. ಅರ್ಧ ಗಂಟೆಗೆ ಫೋನ್ ಬಂತು: "ಸಾರ್, ಫೈಲ್ ಓಪನ್ನೇ ಆಗ್ತಿಲ್ಲ." ಅವರ ಹತ್ತಿರ ಇದ್ದದ್ದು ಹಿಂದಿನ ಆವೃತ್ತಿ. ಪಿಡಿಎಫ್ ಕಳಿಸಬಹುದಿತ್ತಲ್ವಾ ಅಂತೀರಾ? ಪ್ರೆಸ್ಸಿನವರಿಗೆ ತಿದ್ದಲು ಬರುವ ಓಪನ್ ಫೈಲೇ ಬೇಕು. ಸೋದರಮಾವನ ಹೆಸರು ಬಿಟ್ಟುಹೋಗಿದೆ ಅಂತ ಕೊನೇ ಗಳಿಗೆಯಲ್ಲಿ ಯಾರಾದರೂ ಓಡಿ ಬಂದೇ ಬರುತ್ತಾರೆ.

ಹಳೇ ಆವೃತ್ತಿಗೂ ಅರ್ಥವಾಗುವ ಇನ್ನೊಂದು ಬಗೆಯಲ್ಲಿ ಸೇವ್ ಮಾಡಿ ಮತ್ತೆ ಕಳಿಸಿದೆ. ತೆರೆಯಿತು. ಆದರೆ ಸಾಲುಗಳು ಕೂದಲೆಳೆಯಷ್ಟು ಅಗಲವಾಗಿ, ಒಂದು ಹೆಸರು ಕೆಳಗಿನ ಸಾಲಿಗೆ ಜಾರಿತು. ಅದರ ಹಿಂದೆ ಉಳಿದವೂ ಜಾರಿದವು. ಕಡೇ ಸಾಲಿಗೆ ಚೌಕಟ್ಟಿನಲ್ಲಿ ಜಾಗವೇ ಇಲ್ಲ. ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಪ್ಲಸ್ ಗುರುತು ಬಿಟ್ಟರೆ ಬೇರೆ ಸುಳಿವಿಲ್ಲ. ಅವರೂ ನೋಡಲಿಲ್ಲ, ನಾನೂ ಇನ್ನೊಂದು ಪ್ರೂಫ್ ಕೇಳಲಿಲ್ಲ. 400 ಕಾರ್ಡು ಅಚ್ಚಾಗಿ ಬಂತು. ಮಾಯವಾದ ಸಾಲು "ಆಶೀರ್ವಾದವೇ ಉಡುಗೊರೆ".

ಹುಡುಗಿಯ ತಂದೆ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿ, "ಏನ್ರೀ, ನಾವು ಮುಯ್ಯಿ ಕೇಳೋ ಜನ ಅಂದ್ಕೊಂಡ್ರಾ?" ಅಂದರು. ನನ್ನ ಖರ್ಚಿನಲ್ಲೇ ಮತ್ತೆ ಹಾಕಿಸಿಕೊಟ್ಟೆ.

ಹೊಸದರಲ್ಲಿ ಒಳ್ಳೇದು ಇಲ್ಲವೇ ಇಲ್ಲ ಅಂತಲ್ಲ. ಯುನಿಕೋಡ್ ಕನ್ನಡ (ಫೋನು, ಕಂಪ್ಯೂಟರು ಎಲ್ಲಕ್ಕೂ ಒಂದೇ ಆದ ಅಕ್ಷರ ಸಂಕೇತ) ಚೆನ್ನಾಗಿ ಕೂರುತ್ತದೆ, ಒತ್ತಕ್ಷರ ಚದುರುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಮ್ಯಾಟರನ್ನು ನುಡಿಗೆ ಕನ್ವರ್ಟ್ ಮಾಡದೆ ನೇರ ಅಂಟಿಸಬಹುದು. ವೇಗದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಹಳೇದರ ದೊಡ್ಡ ಕೊರತೆ ಸುರಕ್ಷತೆ. ವಿಂಡೋಸ್ 7ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ 2020ರ ಜನವರಿ 14ಕ್ಕೇ ಮುಗಿಯಿತು. 2017ರ ಮೇ ತಿಂಗಳಲ್ಲಿ ಹಬ್ಬಿದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ನೆನಪಿದೆಯಲ್ವಾ? ಅದು ನುಗ್ಗಿದ ಬಿರುಕಿಗೆ ತೇಪೆ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ಹಳೇದಕ್ಕೆ ನೆಟ್ ಕೇಬಲ್ಲೇ ಇಲ್ಲ. ಗಿರಾಕಿ ತಂದ ಪೆನ್‌ಡ್ರೈವ್ ಮೊದಲು ಹೊಸದರಲ್ಲಿ ಸ್ಕ್ಯಾನ್ ಆಗಬೇಕು. ಹೊಸದರಲ್ಲಿ ವಿಂಡೋಸು, ಬ್ರೌಸರು, ಆಂಟಿವೈರಸ್ ಅಪ್‌ಡೇಟನ್ನು ಒಂದು ದಿನವೂ ತಪ್ಪಿಸುವುದಿಲ್ಲ. ಪುಟವಿನ್ಯಾಸದ್ದನ್ನು ಮಾತ್ರ ಆಫ್ ಮಾಡಿದ್ದೇನೆ. ಸೀಸನ್ ಮುಗಿದ ಮೇಲೆ, ಪ್ರೆಸ್ಸಿನವರನ್ನು ಕೇಳಿಯೇ ಮುಂದಿನದು.

ನೆಟ್‌ಬ್ಯಾಂಕಿಂಗ್, ಮೇಲ್ ಎಲ್ಲ ಒಂದೇ ಕಂಪ್ಯೂಟರಿನಲ್ಲಿ ಮಾಡುವವರು ನನ್ನ ದಾರಿ ಹಿಡಿಯಬೇಡಿ. ನನಗೆ ತಿಂಗಳ ಬಾಡಿಗೆಯೇ ಭಾರ, ಈ ವರ್ಷ ಅದನ್ನೂ ನಿಲ್ಲಿಸುವ ಯೋಚನೆ ಇದೆ. ಹಳೇದರ ಹಾರ್ಡ್‌ಡಿಸ್ಕಿನ ಪೂರ್ತಿ ನಕಲೊಂದು ಬೀರುವಿನಲ್ಲಿ, ಮನೆ ಪತ್ರದ ಪಕ್ಕದಲ್ಲೇ ಇದೆ.