ಹಳೆಯ 35ರ ಲಿಫ್ಟಿಗೆ ಹೊಸ ಸೀಲ್ ಕಿಟ್: ಒಂದು ಹಂಗಾಮು ಬಳಸಿದ ಮೇಲೆ

ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟಿಗೆ, ಅಂದರೆ ಎಣ್ಣೆಯ ಒತ್ತಡದಿಂದ ನೇಗಿಲು ಎತ್ತುವ ಭಾಗಕ್ಕೆ, ಬೇಕಾಗುವ ಓ-ರಿಂಗು (ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಬಳೆ), ಗ್ಯಾಸ್ಕೆಟ್ಟು (ಮುಚ್ಚಳದ ಸಂದಿ ಮುಚ್ಚುವ ಹಾಳೆ), ವಾಲ್ವ್ ಸ್ಪ್ರಿಂಗುಗಳನ್ನೆಲ್ಲ ಒಂದೇ ಪೊಟ್ಟಣದಲ್ಲಿ ಕೊಡುವ ರಿಪೇರಿ ಕಿಟ್ಟೊಂದನ್ನು ತರಿಸಿ, ನಾನೇ ಕೂಡಿಸಿ, ಉಳುಮೆಯ ಒಂದು ಹಂಗಾಮು ಪೂರ್ತಿ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಿಟ್ಟು ಕೊಳ್ಳಲು ಯೋಗ್ಯವಾದದ್ದೇ. ಆದರೆ ಪೊಟ್ಟಣದ ಮೇಲೆ ಅಚ್ಚಾಗಿರುವ ‘ಪಂಪ್ ರಿಪೇರಿ ಕಿಟ್’ ಎಂಬ ಹೆಸರು ಕೊಳ್ಳುವವರ ದಾರಿ ತಪ್ಪಿಸುತ್ತದೆ. ಲಿಫ್ಟ್ ಕೈಕೊಟ್ಟಾಗಲೆಲ್ಲ ಪಂಪೇ ಕೆಟ್ಟಿರಬೇಕೆಂದೇನೂ ಇಲ್ಲ.

1956ರಲ್ಲಿ ಬೂದು ಮತ್ತು ಹೊನ್ನಿನ ಬಣ್ಣದಲ್ಲಿ ಎಫ್‌ಇ 35 ಎಂಬ ಹೆಸರಿನಿಂದ ಬಂದು, 1957ರ ಕೊನೆಗೆ ಕೆಂಪು ಬಣ್ಣ ಬಳಿದುಕೊಂಡ ಈ ಟ್ರ್ಯಾಕ್ಟರಿನಲ್ಲಿ ಪಂಪು ಹೊರಗೆ ಕಾಣುವುದಿಲ್ಲ. ನಾಲ್ಕು ಪಿಸ್ಟನ್ನುಗಳ ಆ ಪಂಪು ಗೇರ್ ಪೆಟ್ಟಿಗೆಯ ಹಿಂಭಾಗದಲ್ಲಿ, ಗೇರಿನದೇ ಎಣ್ಣೆಯಲ್ಲಿ ಮುಳುಗಿ ಕೂತಿರುತ್ತದೆ. ಇದರ ಕಂಟ್ರೋಲ್ ವಾಲ್ವ್ ಇರುವುದು ಎಣ್ಣೆ ಒಳಬರುವ ಬದಿಯಲ್ಲಿ, ಹೊರಹೋಗುವ ಬದಿಯಲ್ಲಲ್ಲ. ಆದ್ದರಿಂದ ನೇಗಿಲು ಬೇಕಾದ ಎತ್ತರಕ್ಕೆ ಏರಿದ ಮೇಲೆ ಪಿಸ್ಟನ್ನುಗಳು ಆಡುತ್ತಲೇ ಇದ್ದರೂ ಎಳೆದುಕೊಳ್ಳಲು ಅವಕ್ಕೆ ಎಣ್ಣೆ ಸಿಗುವುದಿಲ್ಲ. ಭಾರವನ್ನು ಹಿಡಿದು ನಿಲ್ಲಿಸುವ ಕೆಲಸವೆಲ್ಲ ಸೀಲುಗಳದು ಮತ್ತು ವಾಲ್ವುಗಳದು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಅರ್ಧ ರೋಗ ತಾನೇ ಪತ್ತೆಯಾಗುತ್ತದೆ.

ನನ್ನ ಟ್ರ್ಯಾಕ್ಟರಿನ ಲಿಫ್ಟ್ ಭಾರ ಎತ್ತುತ್ತಿತ್ತು, ಆದರೆ ಜರ್ಕು ಹೊಡೆಯುತ್ತ ಎತ್ತುತ್ತಿತ್ತು. ಎತ್ತಿದ ಮೇಲೆ ಬಿಕ್ಕಳಿಕೆ ಬಂದವರಂತೆ ಎರಡು ಕ್ಷಣಕ್ಕೊಮ್ಮೆ ತುಸು ಇಳಿದು ಮತ್ತೆ ಏರುತ್ತಿತ್ತು. ಎಂಜಿನ್ ನಿಲ್ಲಿಸಿದರಂತೂ ಕಲ್ಟಿವೇಟರು ನೋಡನೋಡುತ್ತಲೇ ನೆಲ ಸೇರುತ್ತಿತ್ತು. ಲಿಫ್ಟ್ ಏಳುವುದೇ ಇಲ್ಲ ಎನ್ನುವವರು ಮೊದಲು ಎಣ್ಣೆಯ ಮಟ್ಟ ನೋಡಬೇಕು, ನೀರು ಸೇರಿ ಎಣ್ಣೆ ಕಲಗಚ್ಚಿನ ಬಣ್ಣಕ್ಕೆ ತಿರುಗಿದೆಯೇ, ಎಣ್ಣೆ ಸೋಸುವ ಜಾಲರಿ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಇದರ ಅಣ್ಣನಂತಿರುವ ಟಿಇ20ರಲ್ಲಾದರೆ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಉಪಕರಣಕ್ಕೆ ಕೊಡುವ ಶಾಫ್ಟು) ಲೀವರ್ ಹಾಕದಿದ್ದರೆ ಪಂಪು ತಿರುಗುವುದೇ ಇಲ್ಲ. ಅಷ್ಟನ್ನು ನೋಡದೆ ಟ್ರ್ಯಾಕ್ಟರು ಬಿಚ್ಚಿ ಹರಡಿಕೊಂಡವರನ್ನು ನಾನು ಬಲ್ಲೆ.

ಇಳಿಯುವ ಲಿಫ್ಟಿನ ಪರೀಕ್ಷೆ ಬೇರೆ. ಒಂದಿಷ್ಟು ಎಣ್ಣೆ ಇಳಿಸಿ, ಪಕ್ಕದ ಮುಚ್ಚಳ ತೆಗೆದು, ಭಾರವನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಟಾರ್ಚು ಬಿಟ್ಟು ಒಳಗೆ ನೋಡಬೇಕು. ಎತ್ತಿದ ಭಾರದ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡದೆ ಹತ್ತಿರ ಸುಳಿಯಲೇಬಾರದು. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮವನ್ನೇ ತೂರಿ ಒಳಹೋಗಬಲ್ಲದು, ಹಾಗಾಗಿ ಸೋರುವ ಜಾಗವನ್ನು ಬೆರಳಿನಿಂದ ತಡಕುವುದೂ ಕೂಡದು. ನನ್ನದರಲ್ಲಿ ಲಿಫ್ಟ್ ಸಿಲಿಂಡರಿನ ಬಾಯಿಯಿಂದ ಬೆರಳು ದಪ್ಪದ ಧಾರೆ ಇಳಿಯುತ್ತಿತ್ತು, ಪಂಪಿನಿಂದ ಮೇಲಕ್ಕೆ ಎಣ್ಣೆ ಒಯ್ಯುವ ಕೊಳವೆಯ ಬುಡದಲ್ಲಿ ಇನ್ನೊಂದು ಸಣ್ಣ ಎಳೆ ಕಂಡಿತು. ಪಂಪಿನ ಮೇಲೆ ಹೊರಿಸಿದ್ದ ಅಪವಾದ ಅಲ್ಲಿಗೆ ಬಹುಪಾಲು ಕಳಚಿತು. ಕೊಳವೆಯ ಓ-ರಿಂಗ್ ಮಾತ್ರ ಹೋಗಿದ್ದರೆ ಮೇಲಿನ ಸಣ್ಣ ಮುಚ್ಚಳ ಬಿಚ್ಚಿ, ಕೊಳವೆಯನ್ನು ಮೇಲಕ್ಕೆಳೆದು ಬದಲಿಸಬಹುದಿತ್ತು. ಅದಕ್ಕೆ ಇಡೀ ಕಿಟ್ಟು ಬೇಕಾಗುತ್ತಲೇ ಇರಲಿಲ್ಲ.

ಸಿಲಿಂಡರಿನ ಕೆಲಸಕ್ಕೆ ಮಾತ್ರ ದೊಡ್ಡ ಮುಚ್ಚಳ ಎತ್ತಲೇಬೇಕು, ಅದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಚೈನ್ ಬ್ಲಾಕ್ ಕಟ್ಟಿ ಅದನ್ನು ಎತ್ತಿದ ಮೇಲೆ, ಹೇಗಿದ್ದರೂ ತೆರೆದದ್ದಾಯಿತೆಂದು ಪಿಟಿಒ ಶಾಫ್ಟನ್ನು ಹಿಂದಕ್ಕೆಳೆದು, ಎರಡೂ ಪಕ್ಕದ ಪಿನ್ನುಗಳನ್ನು ಕಳಚಿ ಪಂಪನ್ನೂ ಹೊರತೆಗೆದೆ. ಒಂದು ಔಟ್‌ಲೆಟ್ ವಾಲ್ವಿನ ಕೂರುಮಣೆಯ ಮೇಲೆ, ಯಾವ ಕಾಲದಲ್ಲೋ ಹರಿದ ಗ್ಯಾಸ್ಕೆಟ್ಟಿನ ತುಣುಕು ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಅಂಟಿಕೊಂಡಿತ್ತು. ನಾಲ್ಕರಲ್ಲಿ ಒಂದು ಪಿಸ್ಟನ್ ತಳ್ಳಿದ ಎಣ್ಣೆಯನ್ನೇ ವಾಪಸು ನುಂಗುತ್ತ ಕೂತಿದ್ದರಿಂದ ಏರುವಾಗ ಆ ಜರ್ಕು ಬರುತ್ತಿತ್ತು. ಚಿಮಟದಿಂದ ಅದನ್ನು ತೆಗೆದು ಡೀಸೆಲ್ಲಿನಲ್ಲಿ ತೊಳೆದದ್ದಷ್ಟೇ ಪಂಪಿಗೆ ನಿಜವಾಗಿ ಬೇಕಾಗಿದ್ದ ರಿಪೇರಿ.

ಕಿಟ್ಟಿನ ಓ-ರಿಂಗುಗಳ ಬಗ್ಗೆ ನನಗೆ ದೂರಿಲ್ಲ. ಸಿಲಿಂಡರಿನಿಂದ ತೆಗೆದ ಹಳೆಯ ರಿಂಗು ಒಂದು ಮಗ್ಗುಲು ಚಪ್ಪಟೆಯಾಗಿ, ಉಗುರೊತ್ತಿದರೂ ಗುರುತು ಬೀಳದಷ್ಟು ಗಟ್ಟಿಯಾಗಿತ್ತು; ಬಾಗಿಸಿದೊಡನೆ ಪಟ್ಟೆಂದು ಮುರಿಯಿತು. ಹೊಸದು ಮೃದುವಾಗಿ, ಅಂಚಿನಲ್ಲಿ ಅಚ್ಚಿನ ಗೀರಿಲ್ಲದೆ, ತನ್ನ ತೋಡಿನಲ್ಲಿ ಬಿಗಿಯಾಗಿ ಕೂತಿತು. ವಾಲ್ವ್ ಸ್ಪ್ರಿಂಗುಗಳೂ ಹಳೆಯವುಗಳ ಪಕ್ಕದಲ್ಲಿಟ್ಟರೆ ಒಂದೇ ಎತ್ತರ ಇದ್ದವು. ದೊಡ್ಡ ಮುಚ್ಚಳದ ಗ್ಯಾಸ್ಕೆಟ್ ಮಾತ್ರ ತೀರ ತೆಳು, ಮಡಿಸಿ ತುಂಬಿದ್ದರಿಂದ ಮಡಿಕೆಯಲ್ಲಿ ಸೀಳು ಬಿಟ್ಟಿತ್ತು. ಅದನ್ನು ಪಕ್ಕಕ್ಕಿಟ್ಟು ದಪ್ಪ ಗ್ಯಾಸ್ಕೆಟ್ ಕಾಗದದಲ್ಲಿ ನಾನೇ ಬೇರೆ ಕತ್ತರಿಸಿಕೊಂಡೆ.

ಅಸಲು ತಕರಾರು ಬೇರೆಯದು. ನನ್ನ ಸಿಲಿಂಡರಿನ ಪಿಸ್ಟನ್ನಿನಲ್ಲಿ ಓ-ರಿಂಗಿನ ಜೊತೆಗೆ ಅದಕ್ಕೆ ಒತ್ತಾಸೆಯಾಗಿ ಬ್ಯಾಕಪ್ ರಿಂಗ್ ಕೂರುತ್ತದೆ, ಅದಿಲ್ಲದಿದ್ದರೆ ಒತ್ತಡಕ್ಕೆ ರಬ್ಬರು ಸಂದಿಗೆ ನುಗ್ಗಿ ಕಚ್ಚಿಹೋಗುತ್ತದೆ. ಕಿಟ್ಟಿನ ಪಟ್ಟಿಯಲ್ಲಿ ಅದರ ಹೆಸರಿತ್ತು, ಪೊಟ್ಟಣದಲ್ಲಿ ವಸ್ತು ಇರಲಿಲ್ಲ. ಮಾರಿದವರಿಗೆ ಬರೆದು, ಕಾದು, ತರಿಸಿಕೊಳ್ಳುವಷ್ಟರಲ್ಲಿ ಟ್ರ್ಯಾಕ್ಟರು ಬೆನ್ನು ಬಿಚ್ಚಿಕೊಂಡು ಒಂಬತ್ತು ದಿನ ನಿಂತಿತ್ತು. ಜೊತೆಗಿದ್ದ ಸೂಚನೆಯ ಹಾಳೆಯಲ್ಲಿ ಆ ರಿಂಗು ಯಾವ ಬದಿಗೆ ಕೂರಬೇಕೆಂಬ ಒಂದು ಸಾಲೂ ಇಲ್ಲ. ಒತ್ತಡ ಬರುವ ಬದಿಗೆ ಓ-ರಿಂಗ್, ಅದರ ಆಚೆಗೆ, ಅಂದರೆ ಸಿಲಿಂಡರಿನ ತೆರೆದ ಬಾಯಿಯ ಕಡೆಗೆ, ಬ್ಯಾಕಪ್ ರಿಂಗ್: ಇದನ್ನು ತಿರುವುಮುರುವು ಮಾಡಿದರೆ ಹೊಸ ಸೀಲೂ ಬೇಗ ಹಾಳಾಗುತ್ತದೆ. ಕೆಲವು ಟ್ರ್ಯಾಕ್ಟರುಗಳ ಪಿಸ್ಟನ್ನಿಗೆ ಬೀಡುಕಬ್ಬಿಣದ ರಿಂಗುಗಳಿರುವುದೂ ಉಂಟು, ಹಾಗಾಗಿ ಬಿಚ್ಚಿ ನೋಡಿದ ಮೇಲೆಯೇ ಆರ್ಡರ್ ಕೊಡುವುದು ಲೇಸು.

ಎಲ್ಲವನ್ನೂ ಕೂಡಿಸಿ, ಸುಮಾರು 30 ಲೀಟರ್ ಹೊಸ ಎಣ್ಣೆ ತುಂಬಿದ ದಿನ ಸಂಜೆ ಕಲ್ಟಿವೇಟರನ್ನು ಪೂರ್ತಿ ಎತ್ತಿ ಎಂಜಿನ್ ನಿಲ್ಲಿಸಿ, ಅದರ ತಲೆಯ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಬೆಳಗ್ಗೆ ಅದು ಗೆರೆಯಿಂದ ಎರಡು ಬೆರಳು ಕೆಳಗಿತ್ತು. ಹಂಗಾಮು ಮುಗಿದ ಮೇಲೆ ಮೊನ್ನೆ ಮತ್ತೆ ಅದೇ ಗೆರೆಗೆ ಹಿಡಿದು ನೋಡಿದೆ: ಎರಡೂವರೆ ಬೆರಳು.