ಹೊಸ ರೈಫಲ್‌ಗೆ ಕ್ಲೀನಿಂಗ್ ಕಿಟ್: ರಾಡ್ ಸೂಪರ್, ಬಟ್ಟೆ ಸುಮಾರು

ಹೊಸ ರೈಫಲ್ ಕ್ಲೀನಾಗೇ ಇರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ. ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲೇ ಎಣ್ಣೆ ಬಳಿದಿರುತ್ತಾರೆ, ಮೊದಲ ಗುಂಡು ಹಾರಿಸುವ ಮುಂಚೆ ಅದನ್ನು ನಳಿಕೆಯಿಂದ ಒರೆಸಿ ತೆಗೆಯಬೇಕು. ಆ ಕೆಲಸಕ್ಕೆ ಈ ಕಿಟ್ ಸಾಕು. ಪ್ಲಾಸ್ಟಿಕ್ ಲೇಪನದ ಒಂದೇ ತುಂಡಿನ ರಾಡ್ ಇದರ ದೊಡ್ಡ ಪ್ಲಸ್. ಜೋಡಿಸುವ ರಾಡ್‌ಗಳಷ್ಟು ಬಾಗಿ ಒಳಗೆ ಉಜ್ಜುವುದಿಲ್ಲ, ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚುವ ಭಾಗ) ತೆಗೆದು ಹಿಂದಿನಿಂದ ತೂರಿಸಿದರೆ ನಳಿಕೆಯ ಬಾಯಿಯ ಅಂಚೂ ಸವೆಯುವುದಿಲ್ಲ. ಕಂಚಿನ ಬ್ರಷ್ ಪರವಾಗಿಲ್ಲ. ಬಟ್ಟೆ ತುಂಡುಗಳು ಮಾತ್ರ ತೀರಾ ತೆಳು, ನೂಲು ಬಿಡುತ್ತವೆ, ಅದು ಒಳಗೇ ಉಳಿದರೆ ಕಷ್ಟ ಅಲ್ವಾ, ಹತ್ತಿ ಬಟ್ಟೆ ಬೇರೆ ತೆಗೆದುಕೊಳ್ಳಿ. ಜೊತೆಗಿರುವ ಪುಟ್ಟ ಟಾರ್ಚ್ ಸುಮ್ನೆ ಕೊಟ್ಟಿದ್ದಲ್ಲ: ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ, ನಳಿಕೆಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತ ಸ್ಪಷ್ಟವಾಗಿ ಕಾಣುತ್ತದೆ. ಎಣ್ಣೆ ಬಾಟಲಿಯ ಮೂತಿಯಿಂದ ಜಾಸ್ತಿ ಸುರಿಯುತ್ತದೆ, ಹುಷಾರು.